ಹೊಗೆ ಕಾಣದ ಒಲೆ

ಓಲ್ಡನ್‌ಬುರ್ಗ್, ಜರ್ಮನಿ
೧೪ ಏಪ್ರಿಲ್ ೨೦೧೧

ಪ್ರೀತಿಯ ಓರ್ಸೊಲ,

ಫೋನಿನಲ್ಲಿ ನೀನು ಕಿರುಚುತ್ತೀಯ, ನಾನೂ ಕಿರುಚುತ್ತೇನೆ, ಕೊನೆಗೆ ಇಬ್ಬರಲ್ಲೊಬ್ಬರು ಪಟ್ಟನೆ ಇಟ್ಟುಬಿಡುತ್ತೇವೆ. ನಿನ್ನ ಅತ್ತಿಗೆ ಮಿರೆಲ್ಲ ಹೇಳಿದಳು, "ಕಾಗದ ಬರೀರಿ. ಕಾಗದಾನ ಯಾರೂ ಅರ್ಧಕ್ಕೆ ಕತ್ತರಿಸೋಕಾಗಲ್ಲ." ಅವಳ ಮಾತು ಮೀರಿ ನಮ್ಮ ಅಂಗಡಿಯಲ್ಲಿ ಐಸ್‌ಕ್ರೀಮ್ ಚಮಚವೂ ಅಲುಗಾಡುವುದಿಲ್ಲ. ಹಾಗಾಗಿ ಬರೆಯಲು ಕೂತಿದ್ದೇನೆ.

ಅಂಗಡಿ ತೆರೆದು ಆರು ವಾರವಾಯಿತು. ಈ ಊರಿನ ಜನಕ್ಕೆ ಸೂರ್ಯ ಒಂದು ಸಲ ಇಣುಕಿದರೆ ಸಾಕು, ದಪ್ಪ ಕೋಟು ಹಾಕಿಕೊಂಡೇ ಬಂದು ಸಾಲು ನಿಲ್ಲುತ್ತಾರೆ. ಇರಲಿ, ಒಲೆಯ ವಿಷಯಕ್ಕೆ ಬರುತ್ತೇನೆ.

ಅಮ್ಮನ ಒಲೆ ಬಿರುಕು ಬಿಟ್ಟಿತು, ಸರಿ. ಅಮ್ಮನೇ ಹೋಗಿ ಎರಡು ಚಳಿಗಾಲವಾಯಿತು, ಇನ್ನು ಒಲೆ ಎಷ್ಟು ದಿನ ಬಾಳೀತು? ಅದರ ಜಾಗಕ್ಕೆ ಮತ್ತೆ ಸೌದೆ ಒಲೆ ಬೇಡ. ಈಗ ಎಲ್ಲರೂ ಪೆಲೆಟ್ ಒಲೆ ಹಾಕಿಸುತ್ತಿದ್ದಾರೆ. ಮರದ ಹೊಟ್ಟನ್ನು ಒತ್ತಿ ಮಾಡಿದ ಚಿಕ್ಕ ಚಿಕ್ಕ ಕಡ್ಡಿ, ಚೀಲದಲ್ಲಿ ಬರುತ್ತದೆ. ಚೀಲ ಸುರಿ, ಗುಂಡಿ ಒತ್ತು, ಮುಗಿಯಿತು. ಕಡಿಯುವುದಿಲ್ಲ, ಸೀಳುವುದಿಲ್ಲ, ಹೊರುವುದಿಲ್ಲ. ನೀನು ಐವತ್ತನಾಲ್ಕರ ಹೆಂಗಸು. ಜನವರಿಯಲ್ಲಿ ಸೌದೆ ಬುಟ್ಟಿ ಹೊತ್ತು ಮಂಜುಗಡ್ಡೆಯ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಾಗ ನೀನು ಕೆಲಸ ಮಾಡುವ ಕನ್ನಡಕದ ಕಾರ್ಖಾನೆಯವರು ಆರು ವಾರ ಮನೆಗೆ ಕಳಿಸಿದ್ದು ಮರೆತೆಯಾ? ನಾನಿಲ್ಲದಾಗ ಇನ್ನೊಂದು ಸಲ ಬಿದ್ದರೆ ಸಾವಿರ ಕಿಲೋಮೀಟರ್ ದೂರದಲ್ಲಿ ಕೈಯಲ್ಲಿ ಪಿಸ್ತಾ ಡಬ್ಬಿ ಹಿಡಿದು ಏನು ಮಾಡಲಿ?

ಯೋಚಿಸು. ಹಟ ಮಾಡಬೇಡ.

ನಿನ್ನ ಅಣ್ಣ,
ಚೆಲ್ಸೊ


ಲರೆಝೆ, ಕದೋರೆ ಕಣಿವೆ, ಇಟಲಿ
೧ ಮೇ ೨೦೧೧

ಅಣ್ಣಾ,

ನಿನ್ನ ಕಾಗದ ಓದಿದೆ. ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ನಮ್ಮಿಬ್ಬರ ಮಧ್ಯೆ ಬುದ್ಧಿ ಇರುವವಳು ಅವಳೊಬ್ಬಳೇ.

ಮಣಿಕಟ್ಟು ಮುರಿದದ್ದು ಮಂಜುಗಡ್ಡೆಯಿಂದ, ಸೌದೆಯಿಂದಲ್ಲ. ಪೆಲೆಟ್ ಚೀಲವೇನು ತಾನಾಗಿ ನಡೆದುಕೊಂಡು ಮೆಟ್ಟಿಲು ಹತ್ತುತ್ತದೆಯೇ? ಹದಿನೈದು ಕಿಲೋ ಅಂತೆ ಒಂದೊಂದು. ನಾನು ನೆರೆಮನೆಯ ಅಪೊಲೋನಿಯಳ ಬಳಿ ಹೋಗಿ ಕಣ್ಣಾರೆ ನೋಡಿ ಬಂದೆ. ಕೋಳಿಗೆ ಹಾಕುವ ಕಾಳಿನಂತೆ ಟಕಟಕ ಬೀಳುತ್ತದೆ, ಒಳಗೊಂದು ಫ್ಯಾನು ದಿನವಿಡೀ ಗೊರಕೆ ಹೊಡೆಯುತ್ತದೆ. ಬೆಚ್ಚಗೆ ಇರುವುದು ನಿಜ, ಸುಳ್ಳೇಕೆ ಹೇಳಲಿ. ಆದರೆ ಅದರ ಮೇಲೆ ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ ಕುದಿಸಲಾಗದು, ಕಾಲುಚೀಲ ಒಣಗಿಸಲಾಗದು. ಫೆಬ್ರವರಿಯಲ್ಲಿ ಹಿಮ ಬಿದ್ದು ನಾಲ್ಕು ದಿನ ಕರೆಂಟು ಹೋದಾಗ ಅದೂ ಸತ್ತುಹೋಯಿತು. ಆಗ ಅಪೊಲೋನಿಯ ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಂದು ಕೂತದ್ದು ಎಲ್ಲಿ? ಅಮ್ಮನ ಬಿರುಕು ಒಲೆಯ ಮುಂದೆ. ಇನ್ನೊಂದು ತಮಾಷೆ ಕೇಳು. ನಮ್ಮ ಕಾಡಿನ ದಿಮ್ಮಿಗಳನ್ನು ಲಾರಿಯಲ್ಲಿ ಆಸ್ಟ್ರಿಯಾಕ್ಕೆ ಒಯ್ಯುತ್ತಾರೆ, ಅಲ್ಲಿ ಪುಡಿ ಮಾಡಿ, ಚೀಲ ಕಟ್ಟಿ, ನಮಗೇ ತಂದು ಮಾರುತ್ತಾರೆ.

ಇನ್ನು ದೊಡ್ಡ ಸುದ್ದಿ. ಕಳೆದ ಭಾನುವಾರ ರೆಗೊಲದ ಸಭೆ ಸೇರಿತ್ತು. ಊರ ಕಾಡಿಗೆ ಒಡೆಯರಾದ ಒಲೆಗಳ, ಅಂದರೆ ಮನೆತನಗಳ, ಆ ಕೂಟದಲ್ಲಿ ಇಷ್ಟು ಕಾಲ ಗಂಡಸರ ಹೆಸರು ಮಾತ್ರ ಇತ್ತಲ್ಲ, ಈ ಸಲ ಮೂರು ಮತಗಳ ಅಂತರದಲ್ಲಿ ತೀರ್ಮಾನವಾಯಿತು: ಇನ್ನು ಮೇಲೆ ಹೆಣ್ಣುಮಕ್ಕಳೂ ಒಲೆಗೆ ತಮ್ಮ ಹೆಸರು ಬರೆಸಬಹುದು. ಷರತ್ತು ಎರಡು. ಆಕೆ ತಾನೇ ಸೌದೆ ಒಲೆ ಉರಿಸುತ್ತಿರಬೇಕು, ಸಂತ ಮಿಕೇಲನ ಹಬ್ಬದ ದಿನ, ಅಂದರೆ ಸೆಪ್ಟೆಂಬರ್ ೨೯ರಂದು, ರೆಗೊಲದ ಮುಖ್ಯಸ್ಥ ಮರೀಗೊ ಒಲೆ ಎಣಿಸಲು ಬಂದಾಗ ಹೊಗೆ ಬೀದಿಗೆ ಕಾಣಬೇಕು. ಎರಡನೆಯದು, ಒಂದು ಮನೆಗೆ ಒಂದೇ ಹೆಸರು.

ನಾನು ನನ್ನ ಹೆಸರು ಬರೆಸಬೇಕೆಂದಿದ್ದೇನೆ, ಅಣ್ಣ. ನನಗೆ ಸೌದೆ ಒಲೆಯೇ ಬೇಕು.

ತಂಗಿ,
ಓರ್ಸೊಲ


ಓಲ್ಡನ್‌ಬುರ್ಗ್
೨೦ ಮೇ ೨೦೧೧

ಓರ್ಸೊಲ,

ಸೀಸನ್ ಜೋರಾಗಿದೆ, ಉಸಿರಾಡಲು ಪುರುಸೊತ್ತಿಲ್ಲ. ನಿನ್ನ ಹುಟ್ಟುಹಬ್ಬಕ್ಕೆಂದು ಪೆಲೆಟ್ ಒಲೆಯನ್ನು ಕಳಿಸಿಯಾಯಿತು. ಕೆಂಪು ಬಣ್ಣದ್ದು, ರಿಮೋಟ್ ಕೂಡ ಇದೆ. ಜೊತೆಗೆ ನಲವತ್ತು ಚೀಲ. ಲಾರಿ ಗುರುವಾರ ಬರುತ್ತದೆ, ಮನೆಯಲ್ಲಿರು.

ಚೆಲ್ಸೊ


ಲರೆಝೆ
೧೯ ಜೂನ್ ೨೦೧೧

ಅಣ್ಣಾ,

ನಿನ್ನ ಕೆಂಪು ಮದುಮಗಳು ಬಂದಳು. ಪ್ಲಾಸ್ಟಿಕ್ ಬಿಚ್ಚಿಲ್ಲ. ನಡುಮನೆಯಲ್ಲಿ ನಿಂತಿದ್ದಾಳೆ. ಅವಳ ತಲೆಯ ಮೇಲೆ ಹಲಗೆ ಹಾಕಿ ಇಸ್ತ್ರಿ ಮಾಡುತ್ತೇನೆ, ಎತ್ತರ ಸರಿಯಾಗಿದೆ.

ಪಾದ್ರಿಗಳ ಹಳೆ ಮನೆ ಮುಚ್ಚಿದರು ಗೊತ್ತೇ? ಅಲ್ಲಿಯ ಅಡುಗೆಮನೆಯ ಸೌದೆ ಒಲೆಯನ್ನು ಕೇಳಿದವರಿಗೆ ಕೊಡುತ್ತೇವೆಂದರು. ಬೀಡುಕಬ್ಬಿಣದ್ದು. ಬ್ರೆಡ್ ಬೇಯಿಸುವ ಗೂಡು, ಬಿಸಿನೀರಿನ ತೊಟ್ಟಿ ಎಲ್ಲ ಇದೆ. ಗಂಡಸರನ್ನು ಕೇಳಿದೆ. "ಟ್ರ್ಯಾಕ್ಟರ್ ಖಾಲಿ ಇಲ್ಲ," "ಬೆನ್ನು ನೋವು," "ಚೆಲ್ಸೊ ಏನಂತಾನೆ ಕೇಳಿದ್ಯಾ?" ಸರಿ ಎಂದು ನಾವು ಎಂಟು ಜನ ಹೆಂಗಸರು ಸೌದೆ ಇಳಿಸುವ ಜಾರುಬಂಡಿಗೆ ಅದನ್ನು ಬಿಗಿದು, ಹುಲ್ಲಿನ ಇಳಿಜಾರಿನಲ್ಲಿ ಎಳೆದು ತಂದೆವು. ಚಿಕ್ಕಂದಿನಿಂದ ಮರ ಇಳಿಸಿದ ಕೈಗಳು, ಒಂದು ಒಲೆಯನ್ನು ಇಳಿಸಲಾರವೇ? ಚರ್ಚಿನ ಮುಂದಿನ ಕಟ್ಟೆಯಲ್ಲಿ ಕೂತ ಮುದುಕ ತಿತ್ತ, ಸಭೆಯಲ್ಲಿ ನಮ್ಮ ವಿರುದ್ಧ ಕೈಯೆತ್ತಿದವನು, "ಏನ್ರವ್ವಾ, ಮೆರವಣಿಗೆ ಯಾವ ದೇವ್ರದು?" ಎಂದ. ಅಪೊಲೋನಿಯ ನಿಲ್ಲದೆಯೇ, "ಹೆಂಡ್ತಿ ಬೇಯಿಸಿದ್ದು ತಿನ್ನೋ ದೇವ್ರದು, ತಾತ! ಕೈ ಮುಗಿ!" ಎಂದಳು.

ಆ ಒಲೆಯನ್ನು ಅಮ್ಮನ ಒಲೆಯ ಜಾಗದಲ್ಲಿ ಕೂರಿಸಿದ್ದೇನೆ.

ಒಂದು ಮಾತು ಕೇಳಬೇಕು. ನಾನು ಹೆಸರಿನ ವಿಷಯ ಬರೆದು ಏಳು ವಾರವಾಯಿತು. ನೀನು ಒಲೆ ಕಳಿಸಿದೆ, ಚೀಲ ಕಳಿಸಿದೆ, ಆ ಹೆಸರಿನ ಬಗ್ಗೆ ಒಂದು ಅಕ್ಷರವನ್ನೂ ಕಳಿಸಲಿಲ್ಲ. ಯಾಕೆ?

ಓರ್ಸೊಲ


ಓಲ್ಡನ್‌ಬುರ್ಗ್
೩೦ ಜುಲೈ ೨೦೧೧

ಓರ್ಸೊಲ,

ಯಾಕೆಂದು ಕೇಳಿದೆಯಲ್ಲ, ಕೇಳು.

ಒಂದು ಮನೆಗೆ ಒಂದೇ ಹೆಸರು. ಈಗ ಅಲ್ಲಿರುವುದು ನನ್ನ ಹೆಸರು. ಹಳೆ ನಿಯಮದ ಪ್ರಕಾರ ಗಂಡಸಿನ ಹೆಸರು ಸಾಯುವ ತನಕ ಇರುತ್ತದೆ, ಪೆಲೆಟ್ ಉರಿಸಲಿ, ಏನೇ ಉರಿಸಲಿ. ನೀನು ಸೌದೆ ಒಲೆ ಹಚ್ಚಿ ಹೆಸರು ಬರೆಸಿದರೆ ಮಾತ್ರ ನನ್ನದು ಅಳಿಸಿಹೋಗುತ್ತದೆ. ನಾನು ಪೆಲೆಟ್ ಪೆಲೆಟ್ ಎಂದು ಬಡಿದುಕೊಂಡದ್ದು ನಿನ್ನ ಮಣಿಕಟ್ಟಿಗಾಗಿ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅರ್ಧ ನಿಜ. ಉಳಿದರ್ಧ ಇದು.

ನಿನಗೆ ಇದು ಅರ್ಥವಾಗದು. ವರ್ಷದಲ್ಲಿ ಎಂಟು ತಿಂಗಳು ನಾನಿಲ್ಲಿ "ಐಸ್‌ಕ್ರೀಮ್‌ನವನು". ಮೂವತ್ತು ವರ್ಷದಿಂದ ಅಂಗಡಿಗೆ ಬರುವವರಿಗೂ ನನ್ನ ಮನೆತನದ ಹೆಸರು ಗೊತ್ತಿಲ್ಲ. ಆದರೆ ಸಂತ ಮಿಕೇಲನ ದಿನ ಹನ್ನೊಂದು ಗಂಟೆಗೆ ನಾನು ಗಡಿಯಾರ ನೋಡುತ್ತೇನೆ. ಈಗ ಮರೀಗೊ ನಮ್ಮ ಬೀದಿಗೆ ಬಂದ, ಈಗ ನಮ್ಮ ಮನೆಯ ಮುಂದೆ ನಿಂತ, ಈಗ ನನ್ನ ಹೆಸರು ಹೇಳಿದರು. ಅಷ್ಟೇ ನನಗೆ ಲರೆಝೆಯಲ್ಲಿ ಉಳಿದಿರುವುದು. ಅದನ್ನೂ ಕೇಳುತ್ತೀಯಾ?

ಚೆಲ್ಸೊ


ಲರೆಝೆ
೧೫ ಆಗಸ್ಟ್ ೨೦೧೧

ಅಣ್ಣಾ,

ನಿನ್ನ ಕಾಗದ ಓದಿ ಅತ್ತೆ. ಆಮೇಲೆ ಸಿಟ್ಟು ಬಂತು, ಇನ್ನೂ ಇಳಿದಿಲ್ಲ.

ಅರ್ಥವಾಗದು ಎಂದೆಯಾ? ಆ ಹನ್ನೊಂದು ಗಂಟೆಗೆ ನಿನ್ನ ಹೆಸರು ಹೇಳುವವರು ಯಾರು, ಅಣ್ಣ? ಮರೀಗೊ ಬೀದಿಯಲ್ಲಿ ನಿಂತು "ಯಾರ ಬೆಂಕಿ?" ಎಂದಾಗ ಬಾಗಿಲಿಗೆ ಬಂದು "ಚೆಲ್ಸೊನ ಬೆಂಕಿ, ಉರೀತಿದೆ" ಎಂದು ಕೂಗುವವಳು ನಾನು. ಅಪ್ಪ ಸತ್ತಾಗಿನಿಂದ ಇಪ್ಪತ್ತಾರು ವರ್ಷ. ಅಮ್ಮ ಒಳಗೆ ಒಲೆ ನೋಡಿಕೊಳ್ಳುತ್ತಿದ್ದಳು, ನಾನು ಬಾಗಿಲಲ್ಲಿ ನಿಂತು ನಿನ್ನ ಹೆಸರು ಹೇಳುತ್ತಿದ್ದೆ. ಮರ ಕಡಿದದ್ದು ನಾನು, ಜಾರುಬಂಡಿಯಲ್ಲಿ ಇಳಿಸಿದ್ದು ನಾನು, ಸೀಳಿ ಸೂರಿನಡಿ ಒಟ್ಟಿದ್ದು ನಾನು. ಹೆಸರು ನಿನ್ನದು. ಬೆವರು ಯಾರದೋ, ಬಾವುಟ ಯಾರದೋ.

ಹೊಸ ಒಲೆಯನ್ನು ಹಚ್ಚಿ ನೋಡಿದೆ. ಎಂಥ ಉರಿ! ಮೂರು ಬೇಸಿಗೆ ಒಣಗಿದ ಬೀಚ್ ಮರದ ಸೌದೆಯನ್ನು ಆ ದಿನಕ್ಕೆಂದೇ ಎತ್ತಿಟ್ಟಿದ್ದೇನೆ. ಬಡಿದರೆ ಗಂಟೆಯ ಹಾಗೆ ಟಣ್ ಎನ್ನುತ್ತದೆ. ನಿನ್ನ ಪೆಲೆಟ್ ಒಲೆ ನಾಚಬೇಕು, ಅಷ್ಟು ಶುದ್ಧ ಜ್ವಾಲೆ, ಹೊಗೆಯೆಂಬುದೇ ಇಲ್ಲ.

ಸೆಪ್ಟೆಂಬರ್ ೨೯ರ ತನಕ ಬರೆಯಬೇಡ. ಬರೆದರೂ ನಾನು ಒಡೆಯುವುದಿಲ್ಲ. ನಿನ್ನ ಮಾತು ಕೇಳಿದರೆ ಕರಗಿಬಿಡುತ್ತೇನೆ ಎಂದು ನನಗೆ ಗೊತ್ತು. ಈ ಸಲ ಕರಗಲು ನನಗೆ ಮನಸ್ಸಿಲ್ಲ.

ಓರ್ಸೊಲ


ಓಲ್ಡನ್‌ಬುರ್ಗ್
೨೨ ಸೆಪ್ಟೆಂಬರ್ ೨೦೧೧

ಓರ್ಸೊಲ, ಪುಟ್ಟೀ,

ಬರೆಯಬೇಡ ಎಂದೆ, ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಆಮೇಲೆ ಬೈ, ಮೊದಲು ಓದು.

ಹೊಗೆಯೆಂಬುದೇ ಇಲ್ಲ ಎಂದು ಬರೆದೆಯಲ್ಲ, ಅದನ್ನು ಓದಿ ನಕ್ಕೆ. ಆಮೇಲೆ ನಗು ನಿಂತಿತು. ಹೊಗೆ ಇಲ್ಲದಿದ್ದರೆ ಮರೀಗೊ ಏನನ್ನು ಎಣಿಸುತ್ತಾನೆ, ಮಾರಾಯ್ತಿ?

ಅಪ್ಪನಿಗೂ ಸೌದೆಯ ಜಂಬ ಇತ್ತು. ಮೂರು ಬೇಸಿಗೆ ಒಣಗದ ಸೌದೆಯನ್ನು ಮನೆಯೊಳಗೆ ಬಿಡುತ್ತಿರಲಿಲ್ಲ. ಒಂದು ವರ್ಷ ಎಣಿಕೆಯ ದಿನ ನಮ್ಮ ಚಿಮಣಿಯಲ್ಲಿ ಹೊಗೆ ಕಾಣದೆ ಆಗಿನ ಮರೀಗೊ ನಮ್ಮ ಮನೆ ದಾಟಿಯೇ ಹೋಗಿದ್ದ. ಗಂಡಸಿನ ಹೆಸರು ಅಳಿಯುತ್ತಿರಲಿಲ್ಲ, ಆದರೂ ಮಾನ ಹೋಯಿತೆಂದು ಅಪ್ಪ ಓಡಿಹೋಗಿ ಕರೆತಂದ. ಮರುವರ್ಷದಿಂದ ಅಮ್ಮ ಆ ದಿನ ಹಸಿ ಸ್ಪ್ರೂಸ್ ಕೊಂಬೆಯನ್ನು ಏಪ್ರನ್ನಿನಡಿ ಮುಚ್ಚಿಕೊಂಡು ತಂದು, ಅಪ್ಪ ಬೀದಿಗೆ ಇಳಿದ ಮೇಲೆ ಒಲೆಗೆ ಹಾಕುತ್ತಿದ್ದಳು. ಅಪ್ಪನಿಗೆ ತಿಳಿದರೆ ಅವಮಾನದಿಂದ ಸಾಯುತ್ತಿದ್ದ. ನಾನು ಒಂಬತ್ತು ವರ್ಷದವನಿದ್ದಾಗ ನೋಡಿಬಿಟ್ಟೆ. ಬಾಯಿಗೆ ಸಕ್ಕರೆ ಗಟ್ಟಿ ಇಟ್ಟು, "ಅಪ್ಪಂಗೂ ಹೇಳ್ಬೇಡ, ಪುಟ್ಟಿಗೂ ಹೇಳ್ಬೇಡ" ಎಂದಳು. ಕೊನೆಯ ವರ್ಷಗಳಲ್ಲಿ ಹಳೆ ಒಲೆ ತಾನಾಗಿಯೇ ಹೊಗೆಯಾಡುತ್ತಿತ್ತು, ಕೊಂಬೆಯ ಕೆಲಸವೇ ಬೀಳಲಿಲ್ಲ. ಅದಕ್ಕೇ ನಿನಗೆ ಗೊತ್ತಿಲ್ಲ.

ಅಂದು ಹಸಿ ಕೊಂಬೆ ಹಾಕು. ಒಂದಲ್ಲ, ಒಂದು ತೋಳು ತುಂಬ.

ಇನ್ನು ನಿಜ ಹೇಳುತ್ತೇನೆ. ನಿನ್ನ ಕಾಗದ ಬಂದು ಒಂದು ತಿಂಗಳಾಯಿತು. ನಾನು ಸುಮ್ಮನಿದ್ದರೆ ಸಾಕಿತ್ತು, ಹೊಗೆ ಕಾಣುತ್ತಿರಲಿಲ್ಲ, ಹೆಸರು ನನ್ನದೇ ಉಳಿಯುತ್ತಿತ್ತು, ಕೈಗೆ ಕೆಸರೂ ಅಂಟುತ್ತಿರಲಿಲ್ಲ. ಸುಮ್ಮನಿದ್ದೆ ಕೂಡ. ನಿನ್ನೆ ಮಿರೆಲ್ಲ ನಿನ್ನ ಕಾಗದ ಓದಿ ನನ್ನ ಮುಂದೆ ಇಟ್ಟಳು. "ಇಪ್ಪತ್ತಾರು ವರ್ಷ ಅವಳು ನಿಮ್ಮ ಹೆಸರು ಕೂಗಿದ್ದಾಳೆ. ನೀವು ಒಂದ್ಸಲ ಬಾಯಿ ಬಿಡೋಕಾಗಲ್ವಾ?" ಎಂದಳು. ನನಗೆ ನಾಚಿಕೆಯಾಯಿತು, ಓರ್ಸೊಲ. ಬಹಳ ನಾಚಿಕೆಯಾಯಿತು.

ಹೆಸರು ತಗೋ. ಅದು ನಿನ್ನದೇ.

ಅಣ್ಣ,
ಚೆಲ್ಸೊ


ಲರೆಝೆ
೨ ಅಕ್ಟೋಬರ್ ೨೦೧೧

ಅಣ್ಣಾ, ನನ್ನ ಅಣ್ಣಾ,

ಎಲ್ಲಿಂದ ಶುರು ಮಾಡಲಿ? ಮೊದಲು ತಪ್ಪೊಪ್ಪಿಗೆ: ನಿನ್ನ ಕಾಗದ ೨೬ಕ್ಕೇ ಬಂತು. ನಾನು ಒಡೆಯಲಿಲ್ಲ. ಬೇಡಿಕೊಂಡಿರುತ್ತೀಯ ಎಂದುಕೊಂಡು ಕೆಂಪು ಮದುಮಗಳ ತಲೆಯ ಮೇಲೆ, ಇಸ್ತ್ರಿ ಬಟ್ಟೆಯ ಕೆಳಗೆ ಇಟ್ಟುಬಿಟ್ಟೆ.

೨೯ರಂದು ಬೆಳಗಿನ ಹೊತ್ತು ಒಲೆ ಹಚ್ಚಿದೆ. ಬೀಚ್ ಸೌದೆ ಹಾಡತೊಡಗಿತು. ಕಬ್ಬಿಣ ಕಾದು ಅಡುಗೆಮನೆಯಲ್ಲಿ ನಿಲ್ಲಲಾಗುತ್ತಿರಲಿಲ್ಲ. ನಾನು ಒಗೆದ ಏಪ್ರನ್ ಕಟ್ಟಿಕೊಂಡು ಬಾಗಿಲಲ್ಲಿ ನಿಂತೆ. ಅಪೊಲೋನಿಯ ಮತ್ತು ಒಲೆ ಎಳೆದ ಹೆಂಗಸರೆಲ್ಲ ಎದುರು ಗೋಡೆಗೆ ಒರಗಿ ನಿಂತಿದ್ದರು. ಹನ್ನೊಂದಕ್ಕೆ ಮರೀಗೊ ಬೊರ್ತೊಲೊ ಪುಸ್ತಕ ಹಿಡಿದು ಬಂದ, ಹಿಂದೆ ಸಾಕ್ಷಿಗೆ ಮುದುಕ ತಿತ್ತ. ಇಬ್ಬರೂ ಕತ್ತೆತ್ತಿ ಚಿಮಣಿ ನೋಡಿದರು. ನಾನೂ ನೋಡಿದೆ. ನೀಲಿ ಆಕಾಶ, ಒಂದು ಕಾಗೆ. ಮತ್ತೇನಿಲ್ಲ.

ತಿತ್ತ ಕೋಲು ಊರಿ ನಕ್ಕ. "ಬೆಂಕಿ ಇಲ್ದೆ ಹೊಗೆ ಬರಲ್ಲ ಅಂತಾರೆ. ಎಲ್ಲವ್ವಾ ನಿನ್ನ ಬೆಂಕಿ?"

"ಒಳಗೆ ಬಂದು ಕೈ ಇಟ್ಟು ನೋಡಿ, ತಾತ. ಸುಟ್ಟೋಗುತ್ತೆ."

"ಕೈ ಇಡೋದು ಪುಸ್ತಕದಲ್ಲಿ ಬರೆದಿಲ್ಲ. ಹೊಗೆ ಬೀದಿಗೆ ಕಾಣಬೇಕು ಅಂತ ಬರೆದಿದೆ."

ಬೊರ್ತೊಲೊ ಒಳ್ಳೆಯವನು, ಆದರೆ ಪುಸ್ತಕ ಬಿಟ್ಟು ಕದಲುವವನಲ್ಲ. ಒಳಗೆ ಓಡಿ ಇನ್ನೂ ನಾಲ್ಕು ಬೀಚ್ ಸೌದೆ ತುರುಕಿದೆ. ಉರಿ ಇನ್ನೂ ಶುದ್ಧವಾಯಿತು! ನನ್ನ ಜಂಬವೇ ನನ್ನ ಕುತ್ತಿಗೆ ಹಿಡಿಯಿತು. ಊರಲ್ಲೇ ಒಳ್ಳೆಯ ಬೆಂಕಿ ಹಚ್ಚಿ, ಬೆಂಕಿಯೇ ಇಲ್ಲ ಎನ್ನಿಸಿಕೊಂಡ ಮೂರ್ಖಳು ನಾನೊಬ್ಬಳೇ ಇರಬೇಕು. ಬೊರ್ತೊಲೊ ಹೇಳಿದ, "ಓರ್ಸೊಲ, ಮೇಲಿನ ಬೀದಿ ಮುಗಿಸಿಕೊಂಡು ಹನ್ನೆರಡರ ಗಂಟೆಗೆ ಇನ್ನೊಂದ್ಸಲ ಬರ್ತೀನಿ. ಆಗ್ಲೂ ಕಾಣದಿದ್ರೆ ಹಳೇ ಹೆಸರೇ ಬರ್ಕೋತೀನಿ. ಬೇಜಾರಾಗ್ಬೇಡ."

ಒಳಗೆ ಬಂದು ಕೂತೆ. ನಿನ್ನ ಮೇಲೆ ಎಂಥ ಸಿಟ್ಟು ಬಂತೆಂದರೆ, ಇಸ್ತ್ರಿ ಬಟ್ಟೆಯಡಿಯಿಂದ ನಿನ್ನ ಕಾಗದ ಎಳೆದು, ಇದನ್ನಾದರೂ ಸುಡೋಣ, ಇದಾದರೂ ಹೊಗೆ ಕೊಟ್ಟೀತು ಎಂದು ಒಲೆಯ ಬಾಗಿಲು ತೆಗೆದೆ. ಲಕೋಟೆ ಹರಿದು ಒಳಗೆ ಹಾಕಿದೆ. ಕಾಗದ ಹಾಕುವಾಗ ಒಂದು ಪದ ಕಣ್ಣಿಗೆ ಬಿತ್ತು: ಅಮ್ಮ. ನಿಂತಲ್ಲೇ ಓದಿದೆ. ಕೊನೆಯ ಸಾಲು ಮುಟ್ಟುವ ಮೊದಲೇ ಕೊಡಲಿ ಹಿಡಿದು ಹಿತ್ತಲಿಗೆ ಓಡಿದ್ದೆ.

ಒಂದು ತೋಳು ಎಂದೆ ನೀನು. ನಾನು ಎರಡು ತೋಳು ತಂದೆ. ಹಾಕಿದ ಕೂಡಲೇ ಒಲೆ ಚಟಪಟ ಬೈದು, ಕೆಮ್ಮಿ, ಆಮೇಲೆ ಗುಡುಗಿತು. ಹೊರಗೆ ಹೆಂಗಸರು ಕಿರುಚಿದರು. ಹೋಗಿ ನೋಡುತ್ತೇನೆ, ಬಿಳಿಯ ಹೊಗೆ ಚಿಮಣಿಯಿಂದ ಉಕ್ಕಿ, ಚರ್ಚಿನ ಗೋಪುರ ಮುಚ್ಚಿ, ಮೇಲಿನ ಬೀದಿಗೇ ಹೋಗುತ್ತಿದೆ! ಬೊರ್ತೊಲೊ ಮತ್ತು ತಿತ್ತ ಕಣ್ಣೊರೆಸಿಕೊಂಡು ಇಳಿದು ಬಂದರು. ತಿತ್ತ ಕೆಮ್ಮುತ್ತಾ, "ಸಾಕು ಮಾರಾಯ್ತಿ, ಕಾಣಿಸ್ತು, ಕಾಣಿಸ್ತು!" ಎಂದ.

ಬೊರ್ತೊಲೊ ಪುಸ್ತಕ ತೆರೆದು, ಎದೆಯುಬ್ಬಿಸಿ, ಬೀದಿಗೆಲ್ಲ ಕೇಳುವಂತೆ ಕೂಗಿದ: "ಯಾರ ಬೆಂಕಿ?"

ಅಣ್ಣ, ನನ್ನ ನಾಲಿಗೆ ಏನು ಮಾಡಿತು ಗೊತ್ತೇ? "ಚೆಲ್..." ಎಂದಿತು. ಇಪ್ಪತ್ತಾರು ವರ್ಷದ ಅಭ್ಯಾಸ. ಬೊರ್ತೊಲೊ ಪೆನ್ನು ಎತ್ತಿ ಹಾಗೇ ಕಾದ. "ಓರ್ಸೊಲಳ ಬೆಂಕಿ," ಎಂದೆ. ದನಿ ಸಣ್ಣಗಿತ್ತು. ಎರಡನೇ ಸಲ ಕೂಗಿದೆ. "ನನ್ನ ಬೆಂಕಿ! ಉರೀತಿದೆ!" ಆ ದನಿ ಎದುರು ಗುಡ್ಡಕ್ಕೆ ಹೋಗಿ ತಿರುಗಿ ಬಂತು. ಅಪೊಲೋನಿಯ ನನ್ನನ್ನು ಎತ್ತಿ ತಿರುಗಿಸಿದಳು, ಅವಳ ಸೊಂಟ ಇನ್ನೂ ನೆಟ್ಟಗಾಗಿಲ್ಲ.

ಸಂಜೆ ಯಾರು ಕಾಡಿನ ಯಾವ ಭಾಗದಲ್ಲಿ ಸೌದೆ ಕಡಿಯಬೇಕೆಂಬ ಪಾಲಿನ ಚೀಟಿ ಎತ್ತುವಾಗ ಟೋಪಿಯೊಳಗೆ ಮೊದಲ ಬಾರಿಗೆ ನನ್ನ ಕೈ ಹೋಯಿತು. ಬಂದದ್ದು ಹದಿನೇಳನೇ ಪಾಲು. ಕತ್ತೆ ಕೊರಕಲು! ಊರಲ್ಲೇ ಕೆಟ್ಟ ಜಾಗ, ಕಡಿದಾದ ಇಳಿಜಾರು, ಬರೀ ಬಂಡೆ. ಎಲ್ಲರೂ "ಅಯ್ಯೋ ಪಾಪ" ಎಂದರು. ನಾನು ಹಬ್ಬದ ಊಟ ಸಿಕ್ಕವಳ ಹಾಗೆ ನಗುತ್ತಿದ್ದೆ.

ಇನ್ನೂ ಒಂದಿದೆ. ನಿನ್ನೆ ತಿತ್ತ ಮೆಲ್ಲಗೆ ಬಂದು, "ನಿಮ್ಮ ಆ ಕೆಂಪು ಒಲೆ ಮಾರ್ತೀಯೇನವ್ವಾ? ಸೌದೆ ನಾನು ಹೊರಬೇಕಂದ್ರೆ ಇನ್ಮೇಲೆ ನನ್ನ ಹೆಸರು ಬರೆಸು ಅಂತ ನಮ್ಮನೇವ್ಳು ಕೂತಿದ್ದಾಳೆ" ಎಂದ. "ಅದು ನಮ್ಮಣ್ಣಂದು, ಕೊಡಲ್ಲ" ಎಂದೆ. ಪ್ಲಾಸ್ಟಿಕ್ ಬಿಚ್ಚಿ ಮಹಡಿಯ ಮೇಲೆ ನಿನ್ನ ಕೋಣೆಯಲ್ಲಿ ಕೂರಿಸಿದ್ದೇನೆ. ನೀನು ಮೇಲೆ ಗುಂಡಿ ಒತ್ತು. ಕರೆಂಟು ಹೋದರೆ ಕೆಳಗೆ ಬಾ.

ನೀನು ಸುಮ್ಮನಿರಬಹುದಿತ್ತು, ಅಣ್ಣ. ಸುಮ್ಮನಿರಲಿಲ್ಲ. ನಾನದನ್ನು ಮರೆಯುವುದಿಲ್ಲ.

ಪುಟ್ಟಿ,
ಓರ್ಸೊಲ


ಓಲ್ಡನ್‌ಬುರ್ಗ್
೯ ಅಕ್ಟೋಬರ್ ೨೦೧೧

ಲರೆಝೆಯ ಒಲೆಯೊಡತಿ ಓರ್ಸೊಲಳಿಗೆ,

ಕಾಗದವನ್ನು ಮಿರೆಲ್ಲ ಗಟ್ಟಿಯಾಗಿ ಓದಿದಳು. ನಾನು ಬೆನ್ನು ತಿರುಗಿಸಿಕೊಂಡು ಚಮಚ ತೊಳೆಯುತ್ತಿದ್ದೆ. ಹನ್ನೆರಡು ಚಮಚಗಳನ್ನು ನಾಲ್ಕು ನಾಲ್ಕು ಸಲ ತೊಳೆದೆ.

ಆ ದಿನ ಹನ್ನೊಂದು ಗಂಟೆಗೆ ನಾನು ಎಂದಿನಂತೆ ಗಡಿಯಾರ ನೋಡಿದೆ. ಎದೆ ಖಾಲಿಯಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ನನ್ನ ಹೆಸರು ಕೂಗುವ ನಿನ್ನ ದನಿಯನ್ನು ನಾನು ಒಂದು ಸಲವೂ ಕೇಳಿಲ್ಲ, ಅಲ್ಲವೇ? ಪ್ರತಿ ವರ್ಷ ಊಹಿಸಿಕೊಂಡದ್ದೇ. ಈ ಸಲವೂ ನಿನ್ನ ದನಿಯನ್ನೇ ಊಹಿಸಿಕೊಂಡೆ. ಹೆಸರು ಬೇರೆ, ಅಷ್ಟೇ.

ಈ ತಿಂಗಳ ಇಪ್ಪತ್ತೊಂಬತ್ತಕ್ಕೆ ಅಂಗಡಿ ಮುಚ್ಚಿ ಮನೆಗೆ ಬರುತ್ತೇವೆ, ನೀನು ಒಳಗೆ ಬಿಟ್ಟುಕೊಂಡರೆ. ಕತ್ತೆ ಕೊರಕಲಿಗೆ ಒಬ್ಬಳೇ ಇಳಿಯಬೇಡ. ಜಾರುಬಂಡಿಯ ಹಿಂದಿನ ಹಗ್ಗ ನಾನು ಹಿಡಿಯುತ್ತೇನೆ. ಕೂಲಿಯಾಗಿ ಆ ಒಲೆಯ ಮೇಲೆ ಬೆಂದ ಪೊಲೆಂತಾ ಸಾಕು.

ಮುಂದಿನ ವರ್ಷ ಸೆಪ್ಟೆಂಬರ್ ಕೊನೆಯ ವಾರ ಅಂಗಡಿಯನ್ನು ಮಿರೆಲ್ಲಳಿಗೆ ಒಪ್ಪಿಸಿ ಬರುತ್ತೇನೆ. ನೀನು ಅಮ್ಮನ ಹಾಗೆ ಒಳಗಿದ್ದು ಹಸಿ ಕೊಂಬೆ ಹಾಕು, ಬಾಗಿಲಲ್ಲಿ ನಾನು ನಿಲ್ಲುತ್ತೇನೆ. ಇಪ್ಪತ್ತಾರು ವರ್ಷದ ಬಾಕಿ ಕೂಗು ನನ್ನ ಮೇಲಿದೆ. ಈಗಿನಿಂದಲೇ ಅಭ್ಯಾಸ ಮಾಡುತ್ತಿದ್ದೇನೆ. ನಿನ್ನೆ ಮಧ್ಯಾಹ್ನ ಅಂಗಡಿ ತುಂಬ ಜನ ಇರುವಾಗ ಮಿರೆಲ್ಲ ಒಳಗಿನಿಂದ ಸುಮ್ಮನೆ, "ಯಾರ ಬೆಂಕಿ?" ಎಂದಳು.

ನಾನು ನಮ್ಮ ಭಾಷೆಯಲ್ಲೇ, ಗಂಟಲು ಹರಿಯುವಂತೆ ಕೂಗಿದೆ: "ಓರ್ಸೊಲಳ ಬೆಂಕಿ! ಉರೀತಿದೆ!"

ಒಬ್ಬ ಅಜ್ಜಿಯ ಕೈಯಿಂದ ಕೋನ್ ನೆಲಕ್ಕೆ ಬಿತ್ತು. ಅವಳಿಗೆ ಇನ್ನೊಂದು ಕೊಟ್ಟೆ, ಎರಡು ಉಂಡೆ ಹೆಚ್ಚಿಗೆ ಹಾಕಿ. ಏನು ಸಮಾಚಾರ ಎಂದು ಕೇಳಿದಳು. ನನ್ನ ತಂಗಿಯ ಹೆಸರು ಹೇಳಿದೆ.

ನಿನ್ನ ಅಣ್ಣ,
ಚೆಲ್ಸೊ